ಹಳೇ ಆರ್‌ಎಕ್ಸ್ 100: ಹಿಂದೆ ಎತ್ತರ ಮಾಡಿಸಿದ ಮೇಲೆ ಹ್ಯಾಂಡಲ್ ನಡುಗುತ್ತಿದೆ

ಹದಡಿ ರೋಡ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ ಹೇಳಿ. ನನ್ನ ಹತ್ತಿರ ಅಪ್ಪ 1994ರಲ್ಲಿ ತೆಗೆದುಕೊಂಡ ಯಮಹಾ ಆರ್‌ಎಕ್ಸ್ 100 ಬೈಕ್ ಇದೆ. ಎರಡು ವರ್ಷದ ಹಿಂದೆ ಎಂಜಿನ್ ಬೋರ್ ಮಾಡಿಸಿದೆ, ಈಗಲೂ ಒಂದೇ ಕಿಕ್‌ಗೆ ಸ್ಟಾರ್ಟ್. ಆದರೆ ಗಾಡಿ ಹಿಂದೆ ಪೂರ್ತಿ ಕೂತುಬಿಟ್ಟಿತ್ತು. ಪಕ್ಕದಿಂದ ನೋಡಿದರೆ ನಾಯಿ ಕುಕ್ಕರಿಸಿದ ಹಾಗೆ. ಹೆಂಡತಿ ಹಿಂದೆ ಕೂತರೆ ನಮ್ಮ ಬೀದಿಯ ಹಂಪ್ ಮೇಲೆ ಡಬಲ್ ಸ್ಟ್ಯಾಂಡ್ ಕರ್ರ್ ಅಂತ ಉಜ್ಜುತ್ತಿತ್ತು. ಪ್ರತಿ ಸಲ ಅವಳು ಇಳಿದು ಹಂಪ್ ದಾಟಿ ಮತ್ತೆ ಹತ್ತುತ್ತಿದ್ದಳು.

ಒಂದು ಅಂಗಡಿಯಲ್ಲಿ ಕೇಳಿದೆ. ಹೊಸ ಶಾಕ್ ಅಬ್ಸಾರ್ಬರ್ ಬೇಡ, ಎರಡು ಇಂಚಿನ ಪೀಸ್ ಹಾಕೋಣ, ಗಾಡಿ ಎದ್ದು ನಿಲ್ಲುತ್ತದೆ ಅಂದರು. ಶಾಕ್‌ನ ಕೆಳಗಿನ ಕಣ್ಣಿಗೆ ಒಂದು ಕಬ್ಬಿಣದ ತುಂಡು ಬೋಲ್ಟ್ ಮಾಡಿ, ಆ ತುಂಡನ್ನು ಸ್ವಿಂಗ್ ಆರ್ಮ್‌ಗೆ (ಹಿಂದಿನ ಚಕ್ರ ಹಿಡಿದಿರುವ ತೋಳಿಗೆ) ಬೋಲ್ಟ್ ಮಾಡಿದರು. ಅರ್ಧ ಗಂಟೆಯ ಕೆಲಸ. ನೋಡಲು ನಿಜವಾಗಲೂ ಚೆನ್ನಾಗಿ ಕಂಡಿತು.

ಹೋದ ಭಾನುವಾರ ಒಬ್ಬನೇ ಚಿತ್ರದುರ್ಗಕ್ಕೆ ಹೊರಟೆ. ಆನಗೋಡು ದಾಟಿದ ಮೇಲೆ ಹೈವೇಯಲ್ಲಿ 70ರ ಹತ್ತಿರ ಬಂದಾಗ ಹ್ಯಾಂಡಲ್ ಎಡಕ್ಕೆ ಬಲಕ್ಕೆ ನಡುಗಲು ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಕೈಯಲ್ಲಿ ಹಿಡಿಯಲು ಆಗದಷ್ಟು. ಆಕ್ಸಿಲೇಟರ್ ಬಿಟ್ಟೆ, 50ಕ್ಕೆ ಇಳಿದ ಮೇಲೆ ನಿಂತಿತು. ಪಕ್ಕದಲ್ಲೇ ಲಾರಿ ಇತ್ತು. ಭರಮಸಾಗರದಲ್ಲಿ ಟೀಗೆ ನಿಲ್ಲಿಸಿ ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಜಾಸ್ತಿ ವಾಲಿ ಬಿದ್ದೇಹೋಗುವ ಹಾಗಿತ್ತು. ಚೈನ್ ಕಡೆಯಿಂದ ಬೇರೆ ಟರಟರ ಸದ್ದು. ರಾತ್ರಿ ವಾಪಸ್ ಬರುವಾಗ ಲೈಟ್ ಬೆಳಕು ಮುಂದಿನ ಚಕ್ರದ ಎದುರಿಗೇ ಬಿದ್ದಿತ್ತು, ದೂರ ಏನೂ ಕಾಣಲಿಲ್ಲ.

ಅಂಗಡಿಯವರು ಟೈರ್ ಬದಲಾಯಿಸಿ ಅಂತಾರೆ. ಟೈರ್ ಹಾಕಿ ಇನ್ನೂ ವರ್ಷ ಆಗಿಲ್ಲ. ಏನಿರಬಹುದು?

ಲೇತ್ ಕೆಲಸ, ಚಿತ್ರದುರ್ಗ

ಮೊದಲು ಆ ಪೀಸ್ ತೆಗೆಯಿರಿ, ಮಿಕ್ಕಿದ್ದು ಆಮೇಲೆ ಮಾತಾಡೋಣ. ಹೈವೇಗಂತೂ ಹೋಗಲೇಬೇಡಿ.

ಯಾಕೆ ಅಂತ ಹೇಳುತ್ತೇನೆ. ಶಾಕ್ ಅಂದರೆ ಎರಡು ತುದಿಗೆ ಕಣ್ಣು ಇರುವ ಒಂದು ಕೋಲು. ಮೇಲೆ ಚಾಸಿಗೆ ಒಂದು ಕೀಲು, ಕೆಳಗೆ ಸ್ವಿಂಗ್ ಆರ್ಮ್‌ಗೆ ಒಂದು ಕೀಲು. ನಡುವೆ ಗಟ್ಟಿ. ನೀವು ಪೀಸ್ ಹಾಕಿದಾಗ ನಡುವೆ ಮೂರನೇ ಕೀಲು ಬಂತು. ಕೋಲಿಗೆ ಎರಡೂ ಕಡೆಯಿಂದ ಒತ್ತಡ ಬೀಳುತ್ತಿರುವಾಗ ನಡುವೆ ಕೀಲು ಇದ್ದರೆ ಅದು ಮಡಚಿಕೊಳ್ಳಲು ನೋಡುತ್ತದೆ. ಮಡಚದ ಹಾಗೆ ತಡೆದಿರುವುದು ಆ ಬೋಲ್ಟ್ ಎಷ್ಟು ಬಿಗಿ ಇದೆ ಅನ್ನುವುದೊಂದೇ. ಅದರ ಒಳಗೆ ಇರುವುದು ರಬ್ಬರ್ ಬುಶ್, ರಬ್ಬರ್ ಮೇಲೆ ಎಷ್ಟು ಬಿಗಿ ಮಾಡಿದರೂ ಸ್ವಲ್ಪ ದಿನಕ್ಕೆ ಸಡಿಲ. ಎಡಗಡೆ ಒಂದು ಥರ, ಬಲಗಡೆ ಒಂದು ಥರ ಸಡಿಲ ಆದರೆ ಹಿಂದಿನ ಚಕ್ರ ನೇರ ನಿಲ್ಲುವುದಿಲ್ಲ.

ಒಂದು ಕೆಲಸ ಮಾಡಿ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಕಟ್ ಕಟ್ ಅಂದರೆ ಸ್ವಿಂಗ್ ಆರ್ಮ್ ಬುಶ್ ಹೋಗಿದೆ. ಆಮೇಲೆ ಯಾರನ್ನಾದರೂ ಹಿಂದೆ ಒತ್ತಿಸಿ ಮುಂದಿನ ಚಕ್ರ ಎತ್ತಿ, ಹ್ಯಾಂಡಲನ್ನು ಒಂದೇ ಬೆರಳಲ್ಲಿ ನಿಧಾನ ತಿರುಗಿಸಿ. ನಡುವೆ ನೇರ ಬಂದಾಗ ಗುಳಿಗೆ ಬಿದ್ದ ಹಾಗೆ ಸಿಕ್ಕಿಕೊಂಡರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಮುಗಿದಿದೆ ಅಂತ ಅರ್ಥ. ಎರಡನ್ನೂ ನೋಡಿ ಬರೆಯಿರಿ.

ಗಣಿತ ಮೇಷ್ಟ್ರು

ಲೇತ್ ಅಣ್ಣ ಹೇಳಿದ್ದು ಸರಿ. ಆದರೆ ಪೀಸ್ ಗಟ್ಟಿಯಾಗಿದ್ದರೂ ಇನ್ನೊಂದು ತೊಂದರೆ ಇದೆ. ಅದು ಲೆಕ್ಕದ ವಿಷಯ.

ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇಡುವ ಟ್ರಾಲಿ ಇರುತ್ತದಲ್ಲ, ಅದರ ಚಕ್ರ ನೋಡಿ. ಯಾವ ಕಡೆ ಎಳೆದರೂ ಚಕ್ರ ತಿರುಗಿ ಹಿಂದೆ ಬರುತ್ತದೆ. ಯಾಕೆಂದರೆ ಅದು ತಿರುಗುವ ಗೂಟ ಮುಂದೆ ಇದೆ, ಚಕ್ರ ನೆಲ ಮುಟ್ಟುವ ಜಾಗ ಹಿಂದೆ ಇದೆ. ಬೈಕಿನ ಮುಂದಿನ ಚಕ್ರವೂ ಹೀಗೇ. ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಜೋಡಿ ಪೈಪ್) ಓರೆಯಾಗಿರುವುದರಿಂದ, ಹ್ಯಾಂಡಲ್ ತಿರುಗುವ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರ್ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಆ ಅಂತರಕ್ಕೆ ಟ್ರೇಲ್ ಅಂತಾರೆ. ಓಡುವಾಗ ಹ್ಯಾಂಡಲನ್ನು ನೇರ ಇಡುವುದು ಅದೇ.

ಈಗ ಹಿಂದೆ ಎತ್ತಿದರೆ ಇಡೀ ಗಾಡಿ ಮುಂದಕ್ಕೆ ಬಾಗುತ್ತದೆ, ಫೋರ್ಕ್ ನೆಟ್ಟಗಾಗುತ್ತದೆ, ಟ್ರೇಲ್ ಕಡಿಮೆ ಆಗುತ್ತದೆ. ಆರ್‌ಎಕ್ಸ್ 100ರ ಎರಡು ಚಕ್ರದ ನಡುವಿನ ದೂರ ಸುಮಾರು 1240 ಮಿ.ಮೀ. ಪೀಸ್ 50 ಮಿ.ಮೀ. ಇದ್ದರೂ ಶಾಕ್ ಸ್ವಲ್ಪ ಓರೆ ಇದೆ, ಆಕ್ಸಲ್‌ಗಿಂತ ಮುಂದೆ ಕೂತಿದೆ, ಹಾಗಾಗಿ ಹಿಂದೆ 55 ಮಿ.ಮೀ. ಹತ್ತಿರ ಏರಿರುತ್ತದೆ. ಭಾಗಿಸಿದರೆ ಎರಡೂವರೆ ಡಿಗ್ರಿ. ಈ ಅಳತೆಯ ಚಕ್ರಕ್ಕೆ ಒಂದು ಡಿಗ್ರಿಗೆ ಸುಮಾರು 6 ಮಿ.ಮೀ. ಟ್ರೇಲ್ ಹೋಗುತ್ತದೆ. ಅಂದರೆ ನಿಮ್ಮ ಗಾಡಿಯಲ್ಲಿ 15 ಮಿ.ಮೀ. ಹೋಗಿದೆ. ಚಿಕ್ಕ ಗಾಡಿಗೆ ಇದು ಬಹಳ.

ಲೈಟ್ ಕಥೆಯೂ ಇದೇ ಲೆಕ್ಕ. ಎರಡೂವರೆ ಡಿಗ್ರಿ ಬಾಗಿದರೆ 10 ಮೀಟರ್ ದೂರದಲ್ಲಿ ಬೆಳಕು 45 ಸೆಂ.ಮೀ. ಹತ್ತಿರ ಕೆಳಗೆ ಬೀಳುತ್ತದೆ. ದೂರ ಕಾಣದೆ ಇದ್ದುದು ಅದಕ್ಕೇ.

ಕೆಫೆ ಗಾಡಿ

ಇಷ್ಟೊಂದು ಹೆದರಿಸಬೇಡಿ. ನನ್ನ ಗಾಡಿಗೂ ಎರಡು ಇಂಚಿನ ಪೀಸ್ ಇದೆ, ಮೂರು ವರ್ಷ ಆಯಿತು. ಪಿ.ಜೆ. ಬಡಾವಣೆಯಿಂದ ಕುಂದವಾಡ ಕೆರೆವರೆಗೆ ದಿನಾ ಬೆಳಗ್ಗೆ ಹೋಗುತ್ತೇನೆ. ಒಂದು ಸಲವೂ ನಡುಗಿಲ್ಲ. ತಿರುವಿನಲ್ಲಿ ಮೊದಲಿಗಿಂತ ಬೇಗ ತಿರುಗುತ್ತದೆ, ಅದು ನನಗೆ ಇಷ್ಟ. ಸರಿಯಾಗಿ ಹಾಕಿದರೆ ಏನೂ ಆಗಲ್ಲ.

ಲೇತ್ ಕೆಲಸ, ಚಿತ್ರದುರ್ಗ

ಬೇಗ ತಿರುಗುತ್ತದೆ ಅನ್ನುವುದು ನಿಜ. ಟ್ರೇಲ್ ಕಡಿಮೆ ಆದರೆ ಹ್ಯಾಂಡಲ್ ಹಗುರ ಆಗುತ್ತದೆ, ಮೇಷ್ಟ್ರು ಹೇಳಿದ್ದೂ ಅದೇ. 40ರಲ್ಲಿ ಅದು ಸುಖ. 70ರಲ್ಲಿ ಅದೇ ಹಗುರ ನಿಮ್ಮ ಕೈಯಿಂದ ಹ್ಯಾಂಡಲ್ ಕಿತ್ತುಕೊಳ್ಳುತ್ತದೆ. ಕೆರೆ ದಾರಿಯಲ್ಲಿ ಒಬ್ಬರೇ ನಿಧಾನ ಹೋದರೆ ಗೊತ್ತಾಗುವುದಿಲ್ಲ.

ನಿಮ್ಮ ಜೊತೆ ವಾದ ಮಾಡುವುದಿಲ್ಲ. ಒಂದು ಸಲ ಆ ಪೀಸ್ ಬಿಚ್ಚಿ ತೂತು ನೋಡಿ, ಅಷ್ಟು ಸಾಕು. ನನ್ನ ಮೇಜಿನ ಮೇಲೆ ಈಗ ಅಂಥದ್ದೇ ಒಂದು ಜೊತೆ ಇದೆ, ಹೋದ ತಿಂಗಳು ಒಂದು ಗಾಡಿಯಿಂದ ಬಿಚ್ಚಿದ್ದು. ಹಾಕುವಾಗ ತೂತು ಗುಂಡಗೆ ಇದ್ದಿರಬೇಕು. ಈಗ ಮೊಟ್ಟೆ ಆಕಾರ ಆಗಿದೆ. ವರ್ನಿಯರ್ ಇಟ್ಟು ಅಳೆದರೆ ಅಡ್ಡಕ್ಕೆ 10.1 ಮಿ.ಮೀ., ಉದ್ದಕ್ಕೆ 11.4. ಬೋಲ್ಟ್‌ನ ಒಂದು ಪಕ್ಕ ಮಾತ್ರ ಕನ್ನಡಿ ಥರ ಹೊಳೆಯುತ್ತಿದೆ, ಆ ಪಕ್ಕದಲ್ಲಿ ಮರೆ (ಥ್ರೆಡ್) ಪೂರ್ತಿ ಚಪ್ಪಟೆ. ಆ ಗಾಡಿ ಓಡಿಸುತ್ತಿದ್ದ ಹುಡುಗನಿಗೆ ಏನೂ ಗೊತ್ತಾಗಿರಲಿಲ್ಲ. ಪಂಚರ್ ಹಾಕಿಸಲು ಬಂದಿದ್ದ.

ಹದಡಿ ರೋಡ್, ದಾವಣಗೆರೆ

ಪೀಸ್ ಬಿಚ್ಚಿದೆ. ಹಾಕಿ ಮೂರು ವಾರ ಅಷ್ಟೇ ಆಗಿತ್ತು, ಆದರೂ ಬಲಗಡೆ ಬೋಲ್ಟ್ ಕೈಯಲ್ಲೇ ತಿರುಗಿತು. ಹಿಂದಿನ ಚಕ್ರ ಅಲ್ಲಾಡಿಸಿದೆ, ಬುಶ್ ಗಟ್ಟಿ ಇದೆ. ಕೋನ್ ಸೆಟ್ ನೀವು ಹೇಳಿದ ಹಾಗೇ, ನಡುವೆ ಬಂದಾಗ ಟಕ್ ಅಂತ ಕೂರುತ್ತದೆ. ತೆಗೆದು ನೋಡಿದರೆ ಬಾಲ್ ಓಡುವ ಬಟ್ಟಲಿನಲ್ಲಿ ಸಾಲಾಗಿ ಸಣ್ಣ ಸಣ್ಣ ಗುಳಿ, ಬೆರಳಿನ ಉಗುರಿಗೆ ಸಿಗುತ್ತದೆ. ಅಪ್ಪ ಯಾವತ್ತೂ ಬದಲಾಯಿಸಿದ ನೆನಪಿಲ್ಲ ಅಂದರು.

ಚೈನ್ ಸದ್ದಿಗೂ ಕಾರಣ ಸಿಕ್ಕಿತು. ಸ್ವಿಂಗ್ ಆರ್ಮ್ ಮೇಲೆ ಮುಂದುಗಡೆ ಒಂದು ರಬ್ಬರ್ ಇರುತ್ತದಲ್ಲ, ಅದರ ಮೇಲೆ ಚೈನ್ ಉಜ್ಜಿ ಉಜ್ಜಿ ಎರಡು ಗೆರೆ ಕೊರೆದಿದೆ. ಕಪ್ಪು ರಬ್ಬರ್ ಪುಡಿ ಗ್ರೀಸ್‌ಗೆ ಅಂಟಿ ಕೂತಿತ್ತು.

ಈಗ ಪ್ರಶ್ನೆ ಏನೆಂದರೆ, ಪೀಸ್ ತೆಗೆದರೆ ಮತ್ತೆ ಮೊದಲಿನ ಹಾಗೇ ಕೂರುತ್ತದೆ. ಎತ್ತರ ಮಾಡುವುದೇ ತಪ್ಪಾ? ಅಥವಾ ಬೇರೆ ದಾರಿ ಇದೆಯಾ?

ಗಣಿತ ಮೇಷ್ಟ್ರು

ಎತ್ತರ ಮಾಡುವುದು ತಪ್ಪಲ್ಲ. ಆದರೆ ಈಗ ಎಷ್ಟು ಎತ್ತರ ಇದೆ, ಎಷ್ಟು ಇರಬೇಕಿತ್ತು ಅಂತ ಗೊತ್ತಿಲ್ಲದೆ ಎತ್ತಬಾರದು. ಒಂದು ಟೇಪ್ ಸಾಕು. ಹಿಂದಿನ ಆಕ್ಸಲ್ ನಟ್‌ನಿಂದ ನೇರ ಮೇಲೆ, ಸೀಟ್ ಕೆಳಗೆ ಚಾಸಿಯಲ್ಲಿ ಒಂದು ಗುರುತು ಹಾಕಿ. ಆ ಎರಡರ ನಡುವಿನ ದೂರ ನಾಲ್ಕು ಸಲ ಅಳೆಯಿರಿ. ಡಬಲ್ ಸ್ಟ್ಯಾಂಡ್ ಹಾಕಿ ಚಕ್ರ ನೇತಾಡುವಾಗ ಒಂದು. ಇಳಿಸಿ ಗಾಡಿ ಅದರ ಭಾರದಲ್ಲೇ ನಿಂತಾಗ ಒಂದು. ನೀವು ಕೂತು ಎರಡೂ ಕಾಲು ಮೇಲಿಟ್ಟಾಗ ಒಂದು, ಯಾರಾದರೂ ಹ್ಯಾಂಡಲ್ ಹಿಡಿಯಬೇಕು. ಕೊನೆಗೆ ಮನೆಯವರನ್ನೂ ಕೂರಿಸಿ ಒಂದು. ಪ್ರತಿ ಸಲ ಗಾಡಿಯನ್ನು ಎರಡು ಸಲ ಕೆಳಗೆ ಒತ್ತಿ ಬಿಟ್ಟು ಆಮೇಲೆ ಅಳೆಯಿರಿ, ಶಾಕ್ ಸಿಕ್ಕಿಕೊಂಡಿದ್ದರೆ ಅಳತೆ ಸುಳ್ಳು ಹೇಳುತ್ತದೆ.

ಹದಡಿ ರೋಡ್, ದಾವಣಗೆರೆ

ಅಳೆದೆ. ಹೆಂಡತಿಯೇ ಟೇಪ್ ಹಿಡಿದಳು, ನಾಲ್ಕನೇ ಅಳತೆಗೆ ಅಪ್ಪ ಹಿಡಿದರು. ಹಳೇ ಶಾಕ್, ಪೀಸ್ ಇಲ್ಲದೆ:

ನೇತಾಡುವಾಗ 395 ಮಿ.ಮೀ. ಅದರ ಭಾರದಲ್ಲಿ ನಿಂತಾಗ 372. ನಾನು ಕೂತಾಗ 338. ಇಬ್ಬರೂ ಕೂತಾಗ 315, ಅಲ್ಲಿಂದ ಎಷ್ಟು ಒತ್ತಿದರೂ ಕೆಳಗೆ ಹೋಗಲಿಲ್ಲ. ನನ್ನ ತೂಕ 72 ಕೆ.ಜಿ.

ಗಣಿತ ಮೇಷ್ಟ್ರು

ಇಷ್ಟು ಸಾಕು, ಎಲ್ಲಾ ಇದರಲ್ಲೇ ಇದೆ.

ನಿಮ್ಮ ಶಾಕ್‌ನ ಪೂರ್ತಿ ಓಟ 395ರಿಂದ 315, ಅಂದರೆ 80 ಮಿ.ಮೀ. ಗಾಡಿ ಅದರ ಭಾರಕ್ಕೇ 23 ಕುಸಿದಿದೆ. ಅದು 5ರಿಂದ 10 ಇರಬೇಕು. ನೀವು ಕೂತಾಗ 57 ಕುಸಿದಿದೆ. ಅದು 25ರಿಂದ 30 ಇರಬೇಕು. ಒಬ್ಬರು ಕೂತರೇ ಓಟದಲ್ಲಿ ಮುಕ್ಕಾಲು ಭಾಗದ ಹತ್ತಿರ ಮುಗಿದುಹೋಗಿದೆ, ಇಬ್ಬರು ಕೂತರೆ ಶಾಕ್ ಇದ್ದೂ ಇಲ್ಲದ ಹಾಗೆ. ಸ್ಪ್ರಿಂಗ್ ಸತ್ತಿದೆ. ನಿಮ್ಮ ಗಾಡಿ ಕುಳ್ಳಗೆ ಇರಲಿಲ್ಲ, ಕುಸಿದಿತ್ತು. ಕಂಪನಿ ಕೊಟ್ಟ ಎತ್ತರಕ್ಕೆ ವಾಪಸ್ ಬಂದರೇ ನಿಮಗೆ ಒಂದು ಇಂಚಿಗಿಂತ ಜಾಸ್ತಿ ಸಿಗುತ್ತದೆ, ಏನನ್ನೂ ಉದ್ದ ಮಾಡದೆ.

ಮತ್ತೆ ನನ್ನದೇ ಮೊದಲಿನ ಮಾತು ತಿದ್ದಬೇಕು. 15 ಮಿ.ಮೀ. ಟ್ರೇಲ್ ಹೋಗಿದೆ ಅಂದಿದ್ದೆ. ಅದು ಕುಸಿದ ಗಾಡಿಗೆ ಹೋಲಿಸಿದರೆ. ಸರಿಯಾದ ಗಾಡಿಗೆ ಹೋಲಿಸಿದರೆ ನೀವು 55 ಎತ್ತಿದ್ದರಲ್ಲಿ 27 (57ರಲ್ಲಿ 30 ಕಳೆದರೆ ಉಳಿಯುವುದು) ಕುಸಿತ ತುಂಬಲೇ ಹೋಯಿತು, ಉಳಿದ 28 ಮಾತ್ರ ಹೆಚ್ಚುವರಿ. ಅಂದರೆ ಒಂದೂಕಾಲು ಡಿಗ್ರಿ. ಅಷ್ಟರಿಂದಲೇ ಅಂಥ ನಡುಕ ಬರುವುದಿಲ್ಲ. ಸಡಿಲ ಪೀಸ್, ಗುಳಿ ಬಿದ್ದ ಕೋನ್ ಸೆಟ್, ಹಗುರಾದ ಹ್ಯಾಂಡಲ್ ಮೂರೂ ಒಟ್ಟಿಗೆ ಸೇರಿದ್ದರಿಂದ ಬಂದಿದೆ. ಲೇತ್ ಅಣ್ಣ ಮೊದಲೇ ಪೀಸ್ ಮತ್ತು ಕೋನ್ ಸೆಟ್ ಕಡೆ ಕೈ ತೋರಿಸಿದ್ದರು.

ತೋಟದ ದಾರಿ, ಚನ್ನಗಿರಿ

ಮಧ್ಯೆ ಬಂದೆ, ಕ್ಷಮಿಸಿ. ನನ್ನದು ಹಳೇ ಸ್ಪ್ಲೆಂಡರ್. ಅಡಿಕೆ ತೋಟಕ್ಕೆ ಹೋಗುವ ದಾರಿಯಲ್ಲಿ ಟ್ರ್ಯಾಕ್ಟರ್ ಚಕ್ರದ ಗುಂಡಿ ನಡುವೆ ದಿಬ್ಬ ಇರುತ್ತದೆ, ಅದಕ್ಕೆ ಗಾಡಿ ಹೊಟ್ಟೆ ತಾಗುತ್ತದೆ. ಹಿಂದೆ ಎರಡು ಇಂಚು ಎತ್ತಿದರೆ ಹೊಟ್ಟೆಯೂ ಎರಡು ಇಂಚು ಏರುತ್ತದಾ?

ಗಣಿತ ಮೇಷ್ಟ್ರು

ಇಲ್ಲ. ಮುಂದಿನ ಚಕ್ರ ಅಲ್ಲೇ ಇರುತ್ತದೆ, ಹಿಂದೆ ಮಾತ್ರ ಏರುತ್ತದೆ. ಎಂಜಿನ್ ನಡುವೆ ಇದೆ, ಅದಕ್ಕೆ ಸಿಗುವುದು ಅರ್ಧ ಮಾತ್ರ, ಎಂಜಿನ್‌ನ ಮುಂಭಾಗಕ್ಕೆ ಅರ್ಧಕ್ಕಿಂತ ಕಡಿಮೆ. ಎರಡು ಇಂಚು ಎತ್ತಿ ಒಂದು ಇಂಚು ಸಿಕ್ಕರೆ ನಷ್ಟದ ವ್ಯಾಪಾರ. ನೀವು ಮೊದಲು ಟೈರ್ ನೋಡಿ. 2.75 ಇಂಚಿನದು ಇದ್ದ ಕಡೆ 3.00-18 (ಮೂರು ಇಂಚಿನದು, 18 ಇಂಚಿನ ರಿಮ್‌ಗೆ) ಹಾಕಿದರೆ ಆಕ್ಸಲ್ ಕಾಲು ಇಂಚು, ಅಂದರೆ 6 ಮಿ.ಮೀ. ಏರುತ್ತದೆ. ಮುಂದೂ ಒಂದು ಸೈಜ್ ದೊಡ್ಡದು ಹಾಕಿದರೆ ಗಾಡಿ ಬಾಗದೆ ಪೂರ್ತಿ ಏರುತ್ತದೆ. ಕಡಿಮೆ ಅನ್ನಿಸಬಹುದು, ಆದರೆ ಏನೂ ಕೆಡುವುದಿಲ್ಲ. ಮಡ್‌ಗಾರ್ಡ್‌ಗೂ ಚೈನ್ ಕವರ್‌ಗೂ ತಾಗದ ಹಾಗೆ ನೋಡಿಕೊಳ್ಳಿ.

ಲೇತ್ ಕೆಲಸ, ಚಿತ್ರದುರ್ಗ

ತೋಟದವರಿಗೆ ಇನ್ನೊಂದು ಮಾತು. ಮೂಟೆ ಹೇರಿಕೊಂಡು ಹೋಗುತ್ತೀರಿ ಅಲ್ವಾ? ಶಾಕ್ ಕೆಳಗೆ ಮೆಟ್ಟಿಲು ಥರ ಐದು ಹಂತದ ರಿಂಗ್ ಇರುತ್ತದೆ. ಸಿ ಸ್ಪ್ಯಾನರ್ ಹಾಕಿ ಭಾರ ಇದ್ದಾಗ ನಾಲ್ಕನೇ ಹಂತಕ್ಕೆ ತಿರುಗಿಸಿ. ಎರಡೂ ಕಡೆ ಒಂದೇ ಹಂತ ಇರಬೇಕು. ಎಷ್ಟು ಗಾಡಿ ಬರುತ್ತವೆ ಗೊತ್ತಾ, ಎಡಗಡೆ ಎರಡು, ಬಲಗಡೆ ನಾಲ್ಕು. ಚೈನ್ ಇರುವ ಕಡೆ ಸ್ಪ್ಯಾನರ್ ಹೋಗುವುದಿಲ್ಲ ಅಂತ ಅರ್ಧಕ್ಕೆ ಬಿಟ್ಟಿರುತ್ತಾರೆ. ಹಂತ ಏರಿಸಿದರೆ ಸ್ಪ್ರಿಂಗ್ ಗಟ್ಟಿ ಆಗುವುದಿಲ್ಲ, ಅದೇ ಸ್ಪ್ರಿಂಗ್ ಸ್ವಲ್ಪ ಮೇಲಿನಿಂದ ಕೆಲಸ ಶುರು ಮಾಡುತ್ತದೆ. ಸತ್ತ ಸ್ಪ್ರಿಂಗ್‌ಗೆ ಐದನೇ ಹಂತ ಇಟ್ಟರೂ ಜೀವ ಬರುವುದಿಲ್ಲ.

ಹೊಳಲ್ಕೆರೆ ಬುಲೆಟ್

ನಂದು ತೊಂಬತ್ತರ ದಶಕದ ಬುಲೆಟ್ 350. ಹಿಂದೆ ಎತ್ತುವ ಬದಲು ಮುಂದಿನ ಫೋರ್ಕ್ ಪೈಪನ್ನು ಒಂದು ಇಂಚು ಮೇಲಕ್ಕೆ ಸರಿಸಿದರೆ ಅದೇ ಪರಿಣಾಮ ಅಂತ ಒಬ್ಬರು ಹೇಳಿದರು. ಮಾಡಬಹುದಾ?

ಲೇತ್ ಕೆಲಸ, ಚಿತ್ರದುರ್ಗ

ನಿಮ್ಮ ಗಾಡಿಯಲ್ಲಿ ಆಗುವುದಿಲ್ಲ. ಹಳೇ ಬುಲೆಟ್‌ನಲ್ಲಿ ಹೆಡ್‌ಲೈಟ್ ಕೂರುವ ದೊಡ್ಡ ಬುರುಡೆ ಇದೆಯಲ್ಲ, ಫೋರ್ಕ್ ಪೈಪ್ ಮೇಲಿನ ತುದಿಯಲ್ಲಿ ಮರೆ ಇದ್ದು ಅದರೊಳಗೆ ತಿರುಚಿ ಕೂರುತ್ತದೆ. ಸರಿಸಲು ಜಾಗವೇ ಇಲ್ಲ. ಎರಡೂ ಕಡೆ ಕ್ಲಾಂಪ್ ಮಾಡಿರುವ ಗಾಡಿಗಳಲ್ಲಿ ಆಗುತ್ತದೆ, ಆದರೆ ಅಲ್ಲಿ ಗಾಡಿ ಮುಂದೆ ಕೆಳಗಿಳಿಯುತ್ತದೆ, ಫೋರ್ಕ್ ಪೂರ್ತಿ ಒತ್ತಿದಾಗ ಚಕ್ರ ಮಡ್‌ಗಾರ್ಡ್ ಸಮೇತ ಮೇಲೆ ತಾಗಬಹುದು. ಬುಲೆಟ್ ನೇರ ಹೋಗುವ ಗಾಡಿ, ಹಾಗೇ ಇರಲಿ ಬಿಡಿ.

ಕೆಫೆ ಗಾಡಿ

ನಿನ್ನೆ ಸಂಜೆ ನನ್ನ ಪೀಸ್ ಬಿಚ್ಚಿದೆ. ಎಡಗಡೆಯದು ಚೆನ್ನಾಗಿಯೇ ಇದೆ. ಬಲಗಡೆ, ಬ್ರೇಕ್ ಇರುವ ಕಡೆ, ತೂತು ಮೊಟ್ಟೆ ಆಗಿದೆ. ಬೋಲ್ಟ್ ನಡುವೆ ಒಂದು ಸಣ್ಣ ಗೆರೆ ಇತ್ತು. ಕೊಳೆ ಅಂದುಕೊಂಡು ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಬಿರುಕು ಅದು. ತಂಗಿಯನ್ನು ಕಾಲೇಜಿಗೆ ಬಿಡುವುದು ಇದೇ ಗಾಡಿಯಲ್ಲಿ. ಲೇತ್ ಅಣ್ಣ, ಧನ್ಯವಾದ. ನಾನು ಹೇಳಿದ ಮಾತು ವಾಪಸ್ ತಗೊಂಡೆ.

ಆದರೆ ನನಗೆ ಹಿಂದೆ ಸ್ವಲ್ಪ ಎತ್ತರ ಇರಲೇಬೇಕು, ಕ್ಲಿಪ್ ಆನ್ ಹ್ಯಾಂಡಲ್ (ಫೋರ್ಕ್ ಪೈಪ್‌ಗೇ ಬಿಗಿಯುವ ತಗ್ಗಿನ ಹ್ಯಾಂಡಲ್) ಹಾಕಿದ್ದೇನೆ. ಸರಿಯಾಗಿ ಮಾಡುವುದು ಹೇಗೆ ಅಂತ ಹೇಳಿ.

ಲೇತ್ ಕೆಲಸ, ಚಿತ್ರದುರ್ಗ

ಬಿಚ್ಚಿದ್ದು ಒಳ್ಳೆಯದಾಯಿತು ತಮ್ಮಾ. ಈಗ ಕೇಳಿ.

ಉದ್ದ ಬೇಕಿದ್ದರೆ ಉದ್ದದ ಶಾಕನ್ನೇ ಹಾಕಬೇಕು. ಹಳೇ ಶಾಕ್‌ನ ಎರಡು ಕಣ್ಣಿನ ನಡುವಿನ ಅಳತೆ ತೆಗೆದುಕೊಳ್ಳಿ, ತೂತಿನ ನಡುವಿನಿಂದ ತೂತಿನ ನಡುವಿಗೆ. ಅದಕ್ಕಿಂತ 20 ಮಿ.ಮೀ. ಜಾಸ್ತಿ, ಅಷ್ಟೇ. ನಾನು 25 ದಾಟಿ ಯಾರಿಗೂ ಹಾಕಿ ಕೊಡುವುದಿಲ್ಲ. ಬುಶ್‌ನ ಅಗಲ, ಒಳ ತೂತು ನಿಮ್ಮ ಗಾಡಿಯದಕ್ಕೇ ಹೊಂದಬೇಕು, ವಾಷರ್ ಪೇರಿಸಿ ಕೂರಿಸಬಾರದು. ಬೇರೆ ಗಾಡಿಯ ಶಾಕ್ ಗುಜರಿಯಲ್ಲಿ ಕಡಿಮೆಗೆ ಸಿಗುತ್ತದೆ, ನಿಜ. ಆದರೆ ಆರ್‌ಎಕ್ಸ್ ನೂರು ಕೆ.ಜಿ. ಆಸುಪಾಸಿನ ಗಾಡಿ. ನೂರಾನಲವತ್ತು ಕೆ.ಜಿ. ಗಾಡಿಯ ಸ್ಪ್ರಿಂಗ್ ಹಾಕಿದರೆ ಒತ್ತುವುದೇ ಇಲ್ಲ, ಹಂಪ್ ಮೇಲೆ ಹಿಂದಿನ ಚಕ್ರ ನೆಲ ಬಿಟ್ಟು ಹಾರುತ್ತದೆ. ಶಾಕ್‌ನ ಕಣ್ಣು ಕತ್ತರಿಸಿ ನಡುವೆ ತುಂಡು ವೆಲ್ಡ್ ಮಾಡಿ ಕೊಡಿ ಅಂತಲೂ ಕೇಳುತ್ತಾರೆ. ಮಾಡುವುದಿಲ್ಲ. ಆ ಬಿಸಿಗೆ ಒಳಗಿನ ಸೀಲ್ ಸುಡುತ್ತದೆ, ರಾಡ್ ಡೊಂಕಾಗುತ್ತದೆ, ಮುರಿದರೆ ಒಂದೇ ಏಟಿಗೆ ಮುರಿಯುತ್ತದೆ.

ಹಾಕಿದ ಮೇಲೆ ಚೈನ್. ಇದನ್ನು ಗಮನ ಇಟ್ಟು ಓದಿ. ಮುಂದಿನ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲುಚಕ್ರ), ಸ್ವಿಂಗ್ ಆರ್ಮ್ ಪಿನ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತೀ ಬಿಗಿ. ಉದ್ದದ ಶಾಕ್ ಹಾಕಿದರೆ ಸ್ವಿಂಗ್ ಆರ್ಮ್ ಜಾಸ್ತಿ ಕೆಳಗೆ ಬಾಗಿ ನಿಂತಿರುತ್ತದೆ, ಆ ಗೆರೆಯಿಂದ ದೂರ. ಅಲ್ಲಿ ಚೈನ್ ಲೂಸ್ ಕಾಣುತ್ತದೆ. ಲೂಸ್ ಅಂತ ಬಿಗಿ ಮಾಡಿದಿರೋ, ಇಬ್ಬರು ಕೂತು ಗುಂಡಿಗೆ ಬಿದ್ದಾಗ ಚೈನ್ ತಂತಿ ಥರ ಎಳೆದುಕೊಂಡು ಮುಂದಿನ ಸ್ಪ್ರಾಕೆಟ್ ಬೇರಿಂಗ್ ತಿಂದುಹಾಕುತ್ತದೆ. ಹಾಗಾಗಿ ಎರಡೂ ಶಾಕ್‌ನ ಕೆಳಗಿನ ಬೋಲ್ಟ್ ತೆಗೆದು, ಚಕ್ರವನ್ನು ಕೈಯಲ್ಲಿ ನಿಧಾನ ಮೇಲಕ್ಕೆ ಎತ್ತುತ್ತಾ ಎಲ್ಲಿ ಚೈನ್ ಅತೀ ಬಿಗಿ ಆಗುತ್ತದೋ ಅಲ್ಲಿ ನಿಲ್ಲಿಸಿ, ಅಲ್ಲೂ ಬೆರಳಿಗೆ ಆಡುವಷ್ಟು ಸಡಿಲ ಬಿಡಿ. ಚಕ್ರ ಎತ್ತಿದಾಗಲೇ ಟೈರ್ ಮಡ್‌ಗಾರ್ಡ್‌ಗೆ ತಾಗುತ್ತದಾ ಅಂತಲೂ ನೋಡಿಬಿಡಿ, ಕೆಲವು ಉದ್ದದ ಶಾಕ್‌ಗೆ ಓಟವೂ ಜಾಸ್ತಿ ಇರುತ್ತದೆ.

ಬ್ರೇಕ್ ಪೆಡಲ್ ಚಾಸಿಯಲ್ಲಿದೆ, ಬ್ರೇಕ್ ಡ್ರಮ್ ಸ್ವಿಂಗ್ ಆರ್ಮ್ ಜೊತೆ ಇಳಿದಿದೆ, ನಡುವಿನ ರಾಡ್ ಅಳತೆ ಬದಲಾಗಿರುತ್ತದೆ. ನೀವು ಕೂತಾಗ ಪೆಡಲ್ ಎಷ್ಟು ಆಡುತ್ತದೆ ನೋಡಿ ನಟ್ ತಿರುಗಿಸಿ, ಬ್ರೇಕ್ ಲೈಟ್ ಸ್ವಿಚ್ಚಿನ ಸ್ಪ್ರಿಂಗನ್ನೂ ನೋಡಿ. ಸೈಡ್ ಸ್ಟ್ಯಾಂಡ್ ಕೆಳಗೆ ಒಂದು ದಪ್ಪ ಪ್ಲೇಟ್ ವೆಲ್ಡ್ ಮಾಡಿಸಿ. ಡಬಲ್ ಸ್ಟ್ಯಾಂಡ್ ಹಾಕಿದಾಗ ಹಿಂದಿನ ಚಕ್ರ ನೆಲ ಮುಟ್ಟಬಹುದು, ಮುಟ್ಟಿದರೆ ಪಂಚರ್ ಹಾಕುವವರಿಗೆ ಕಷ್ಟ, ಅಷ್ಟೇ.

ಮಂಡಿಪೇಟೆ

ಪೊಲೀಸರು, ಆರ್‌ಟಿಒ ಏನೂ ಕೇಳುವುದಿಲ್ವಾ? ನನ್ನ ಗಾಡಿ ಆರ್‌ಸಿ ರಿನೀವಲ್‌ಗೆ ಬಂದಿದೆ.

ಗಣಿತ ಮೇಷ್ಟ್ರು

ಕೇಳಬಹುದು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ. ಚಾಸಿ ಕತ್ತರಿಸುವುದು, ಸ್ವಿಂಗ್ ಆರ್ಮ್ ಉದ್ದ ಮಾಡಿ ಚಕ್ರದ ಅಂತರ ಬದಲಾಯಿಸುವುದು ಇದರಲ್ಲಿ ಬರುತ್ತದೆ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ರಿನೀವಲ್, ಆಗ ಗಾಡಿಯನ್ನು ನೋಡುತ್ತಾರೆ. ಕಂಪನಿ ಅಳತೆಯ ಹೊಸ ಶಾಕ್ ಹಾಕಿಕೊಂಡು ಹೋದರೆ ಯಾವ ಮಾತೂ ಇರುವುದಿಲ್ಲ.

ಹದಡಿ ರೋಡ್, ದಾವಣಗೆರೆ

ಹನ್ನೆರಡು ದಿನ ಆಯಿತು, ಏನು ಮಾಡಿದೆ ಅಂತ ಬರೆಯುತ್ತೇನೆ.

ಉದ್ದದ ಶಾಕ್ ಬೇಡ ಅಂತ ನಿರ್ಧಾರ ಮಾಡಿದೆ. ಕಂಪನಿ ಅಳತೆಯದೇ ಹೊಸ ಜೊತೆ, ಹೊಸ ಕೋನ್ ಸೆಟ್, ಹೊಸ ಚೈನ್ ರಬ್ಬರ್. ಹಿಂದಿನ ಟೈರ್ ಅದೇ ಇರಲಿ ಅಂತ ಬಿಟ್ಟೆ. ಕೋನ್ ಸೆಟ್ ನಾನೇ ಕೂರಿಸಿದೆ, ಬಾಲ್‌ಗಳನ್ನು ಗ್ರೀಸ್‌ನಲ್ಲಿ ಒಂದೊಂದಾಗಿ ಅಂಟಿಸುತ್ತಾ ಅಪ್ಪ ಪಕ್ಕದಲ್ಲಿ ಕೂತು ಎಣಿಸಿದರು. ಬಿಗಿ ಮಾಡುವಾಗ ಎರಡು ಸಲ ತಪ್ಪಿತು. ಜಾಸ್ತಿ ಬಿಗಿ ಆದರೆ ಹ್ಯಾಂಡಲ್ ಅದರಷ್ಟಕ್ಕೆ ಬೀಳುವುದಿಲ್ಲ, ಲೂಸ್ ಆದರೆ ಮುಂದಿನ ಬ್ರೇಕ್ ಹಿಡಿದಾಗ ಟಕ್ ಅನ್ನುತ್ತದೆ. ಮೂರನೇ ಸಲಕ್ಕೆ, ಚಕ್ರ ಎತ್ತಿ ಬೆರಳು ತಾಗಿಸಿದರೆ ಸಾಕು, ನಿಧಾನ ತಾನೇ ಒಂದು ಪಕ್ಕಕ್ಕೆ ಹೋಗಿ ಕೂತಿತು.

ಮತ್ತೆ ಅಳೆದೆವು, ರಿಂಗ್ ಮೂರನೇ ಹಂತದಲ್ಲಿ. ನೇತಾಡುವಾಗ 396. ಅದರ ಭಾರದಲ್ಲಿ 387. ನಾನು ಕೂತಾಗ 366. ಇಬ್ಬರೂ ಕೂತಾಗ 338, ಅಂದರೆ ಮೊದಲು ನಾನು ಒಬ್ಬನೇ ಕೂತಾಗ ಇದ್ದ ಎತ್ತರ ಈಗ ಇಬ್ಬರು ಕೂತರೂ ಇದೆ. ಬೀದಿಯ ಹಂಪ್ ಮೇಲೆ ಹೆಂಡತಿ ಇಳಿಯಲಿಲ್ಲ. ಏನೂ ಉಜ್ಜಲಿಲ್ಲ.

ಮೊನ್ನೆ ಬೆಳಗ್ಗೆ ಅದೇ ದಾರಿಯಲ್ಲಿ ಚಿತ್ರದುರ್ಗಕ್ಕೆ ಹೋಗಿಬಂದೆ. ಆನಗೋಡು ಆದ ಮೇಲೆ ಮೊದಲು 60, ಆಮೇಲೆ 65, ಆಮೇಲೆ 70. ಕೈ ಗಟ್ಟಿ ಹಿಡಿಯದೆ ಸುಮ್ನೆ ಇಟ್ಟುಕೊಂಡೆ. ಏನೂ ಇಲ್ಲ. ಚಿತ್ರದುರ್ಗದ ಹತ್ತಿರ ಗಾಳಿಯಂತ್ರ ಕಾಣುವ ಕಡೆ ಅಡ್ಡಗಾಳಿ ಜೋರಾಗಿತ್ತು, ಗಾಡಿ ಪಕ್ಕಕ್ಕೆ ಸರಿಯಿತು, ಆದರೆ ಹ್ಯಾಂಡಲ್ ನಡುಗಲಿಲ್ಲ. ಜೋಗಿಮಟ್ಟಿ ಏರಿನ ತಿರುವುಗಳಲ್ಲಿ ಮೊದಲಿಗಿಂತ ಆರಾಮ.

ಲೈಟ್ ಕೂಡ ಸರಿಮಾಡಿದೆ. ಮನೆ ಎದುರಿನ ಗೋಡೆಯಿಂದ ಹತ್ತು ಮೀಟರ್ ಹಿಂದೆ ನಿಲ್ಲಿಸಿ, ನಾನು ಕೂತು, ಹೆಂಡತಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದಳು. ಡಿಮ್ ಬೆಳಕಿನ ಮೇಲಂಚು ಹೆಡ್‌ಲೈಟ್ ಎತ್ತರಕ್ಕಿಂತ ಒಂದು ಗೇಣು ಕೆಳಗೆ ಬರುವ ಹಾಗೆ ತಿರುಗಿಸಿದೆ. ಎದುರಿನವರ ಕಣ್ಣಿಗೂ ಹೊಡೆಯುವುದಿಲ್ಲ.

ಕೆಫೆ ಗಾಡಿ

ತುಂಬಾ ಸಂತೋಷ ಆಯಿತು ಓದಿ. ನಾನು 20 ಮಿ.ಮೀ. ಉದ್ದದ ಜೊತೆಗೆ ಆರ್ಡರ್ ಕೊಟ್ಟಿದ್ದೇನೆ, ಅದು ಬರುವವರೆಗೆ ತಂಗಿ ಬಸ್ಸಿನಲ್ಲಿ ಹೋಗುತ್ತಾಳೆ. ನಿಮ್ಮ ಆ ಪೀಸ್ ಏನು ಮಾಡಿದಿರಿ? ನನ್ನ ಹತ್ತಿರ ಒಬ್ಬ ಹುಡುಗ ಕೇಳುತ್ತಿದ್ದ, ಕೊಡಲಿಲ್ಲ.

ಹದಡಿ ರೋಡ್, ದಾವಣಗೆರೆ

ಗ್ರೈಂಡರ್‌ನಲ್ಲಿ ಎರಡನ್ನೂ ಅರ್ಧಕ್ಕೆ ಕತ್ತರಿಸಿ ಗುಜರಿಗೆ ಹಾಕಿದೆ. ಹಾಗೇ ಹಾಕಿದರೆ ಇನ್ನೊಂದು ಗಾಡಿಗೆ ಹೋಗುತ್ತದೆ.

ಲೇತ್ ಕೆಲಸ, ಚಿತ್ರದುರ್ಗ

ಒಳ್ಳೆ ಕೆಲಸ. ಒಂದು ಬಾಕಿ ಇದೆ. ಹೊಸ ಕೋನ್ ಸೆಟ್ ಓಡಿದ ಮೇಲೆ ಕೂರುತ್ತದೆ, ಸ್ವಲ್ಪ ಸಡಿಲ ಆಗುತ್ತದೆ. ಇನ್ನೂರು ಮುನ್ನೂರು ಕಿ.ಮೀ. ಆದ ಮೇಲೆ ಇನ್ನೊಂದು ಸಲ ಬಿಗಿ ನೋಡಿ. ಶಾಕ್‌ನ ನಾಲ್ಕು ನಟ್‌ಗೂ ಅವತ್ತೇ ಸ್ಪ್ಯಾನರ್ ಹಾಕಿಬಿಡಿ. ಚಿತ್ರದುರ್ಗಕ್ಕೆ ಬಂದುಹೋಗಿದ್ದೀರಿ, ನೂರಿಪ್ಪತ್ತು ಆಗಲೇ ಆಗಿದೆ.